ಕುಂತೂರಿಗೆ ಬಾರದ ಜನರ ಚಪ್ಪಾಳೆ

ಒಗ್ಗರಣೆ ಸಿಡಿಯುವಾಗ ಹಾಡುವುದು ನನ್ನ ಹಳೆಯ ಚಾಳಿ. ಎಣ್ಣೆ ಕಾದು, ಸಾಸಿವೆ ಚಟಪಟಗುಟ್ಟಿ, ಕರಿಬೇವು ಬಿದ್ದ ಕೂಡಲೇ ಏಳುವ ಆ ಸದ್ದಿನ ಮೇಲೆ ದನಿ ಏರಿಸಿ ಗೆದ್ದೆನೆಂದರೆ, ಅಂದಿನ ಸಾರು ಹೇಗಿದ್ದರೂ ನನ್ನ ಮಟ್ಟಿಗೆ ದಿನ ಚೆನ್ನಾಗಿ ಶುರುವಾದಂತೆ. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಅಡುಗೆಮನೆಗೂ ಮಗ್ಗದ ಕೋಣೆಗೂ ನಡುವೆ ಒಂದೇ ಗೋಡೆ, ಅದೂ ಸೂರಿನವರೆಗೆ ಮುಟ್ಟದ ಗೋಡೆ. ಆ ಕಡೆ ನನ್ನ ಗಂಡ ಮಂಜುನಾಥ ರೇಷ್ಮೆ ಸೀರೆ ನೇಯುತ್ತಿರುತ್ತಾರೆ. ಅವರ ಪಕ್ಕದಲ್ಲಿ ನನ್ನ ಅತ್ತೆ ಪುಟ್ಟತಾಯಮ್ಮ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿರುತ್ತಾರೆ. ಮದುವೆಯಾಗಿ ಬಂದಂದಿನಿಂದ ನನ್ನ ಹಾಡು, ಒಗ್ಗರಣೆಯ ಘಾಟಿನ ಜೊತೆಗೇ ಆ ಗೋಡೆ ಹಾರಿ ಅವರ ಕಿವಿಗೆ ಬೀಳುತ್ತ ಬಂದಿದೆ. ಅತ್ತೆ ಅದರ ಬಗ್ಗೆ ಒಂದು ಒಳ್ಳೆಯ ಮಾತು ಆಡಿದವರಲ್ಲ. ನಿಲ್ಲಿಸು ಎಂದವರೂ ಅಲ್ಲ. ಸೊಸೆಯ ದನಿಯೆನ್ನುವುದು ಮನೆಯ ಬಾಗಿಲ ಕಿರುಗುಟ್ಟುವಿಕೆಯಂತೆ, ಎಣ್ಣೆ ಬಿಡುವಷ್ಟು ತೊಂದರೆಯದಲ್ಲ, ಗಮನಿಸುವಷ್ಟು ವಿಶೇಷದ್ದೂ ಅಲ್ಲ ಎಂದು ಅವರು ಭಾವಿಸಿದ್ದರೆಂದೇ ನಾನು ತಿಳಿದಿದ್ದೆ.

ನಾನು ಯಳಂದೂರಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವಳು. ವಾರವೆಲ್ಲ ಸಂಧಿ ಸಮಾಸಗಳನ್ನು ಬಿಡಿಸಿ, ಭಾನುವಾರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರಾಕ್ ಬ್ಯಾಂಡಿನಲ್ಲಿ ಹಾಡುತ್ತೇನೆ ಎಂದರೆ ನಿಮಗೆ ನಗು ಬರಬಹುದು. ನಕ್ಕುಬಿಡಿ, ಬೇಸರವಿಲ್ಲ; ನಮ್ಮ ಶಾಲೆಯಲ್ಲಿ ಎಲ್ಲರೂ ನಕ್ಕು ಮುಗಿಸಿದ್ದಾರೆ. ಬ್ಯಾಂಡಿನ ಹೆಸರು ‘ಕಾಡಂಚು’. ಅದನ್ನು ಕಟ್ಟಿದವನು ನನ್ನ ಚಿಕ್ಕಮ್ಮನ ಮಗ ಶಿವು. ಹನೂರಿನಲ್ಲಿ ಅವನಿಗೆ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿಯಿದೆ. ಹಗಲೆಲ್ಲ ತಾಮ್ರದ ತಂತಿ ಸುತ್ತುವ ಕೈ ಸಂಜೆ ಗಿಟಾರಿನ ತಂತಿ ಮೀಟುತ್ತದೆ. ಡ್ರಮ್ಮು ಬಾರಿಸುವವನು ಅರುಳ್, ಹನೂರಿನಾಚೆಯ ತಮಿಳು ಮಾತಾಡುವ ಹಳ್ಳಿಯವನು, ಗೂಡ್ಸ್ ಆಟೋ ಓಡಿಸುತ್ತಾನೆ. ಇನ್ನೊಬ್ಬ ಬೇಸ್ ಗಿಟಾರಿನ ಕುಮಾರ. ಅವನು ಮಾತಾಡಿದ್ದನ್ನು ನಾನು ಕೇಳಿದ್ದೇ ಕಡಿಮೆಯಾದ್ದರಿಂದ ಈ ಕಥೆಯಲ್ಲೂ ಅವನ ಮಾತಿಲ್ಲ. ಶಿವು ಬರೆಯುವ ಹಾಡುಗಳು ಊರ ಸುತ್ತಲಿನವು. ಅವುಗಳಲ್ಲಿ ಜನ ಮತ್ತೆ ಮತ್ತೆ ಕೇಳುವುದು ‘ಕೂಳೆ’ ಎಂಬುದನ್ನು. ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿಯುವ ಮೋಟು, ಕಾಲಿಟ್ಟವರ ಅಂಗಾಲು ಕುಯ್ಯುವ ಆ ಮೋಟು, ನೀರು ಕಂಡರೆ ಮತ್ತೆ ಚಿಗುರುತ್ತದಲ್ಲ, ಅದರ ಹಾಡು. ‘ಕಡಿದವರು ಮರೆತರೂ ಚಿಗುರುವೆನು’ ಎಂಬ ಸಾಲಿನಲ್ಲಿ ನಾನು ದನಿಯನ್ನು ಎತ್ತರಕ್ಕೆ ಒಯ್ದು ಎಳೆದು ಹಿಡಿಯಬೇಕು.

ಆ ಹಾಡನ್ನು ಕುಂತೂರಿನಲ್ಲಿ ಹಾಡುವುದೆಂದರೆ ಮನೆಯೊಡೆಯನ ಎದುರಿಗೇ ಮನೆಯ ವರ್ಣನೆ ಮಾಡಿದಂತೆ. ಕುಂತೂರು ನಮ್ಮ ಹತ್ತಿರದ ಸಕ್ಕರೆ ಕಾರ್ಖಾನೆಯ ಊರು. ನಾವು ಅಲ್ಲಿ ಹಾಡಿದಾಗ ಕಬ್ಬು ಅರೆಯುವ ಕಾಲ. ಗಾಳಿಯಲ್ಲೆಲ್ಲ ಕಾಕಂಬಿಯ ಹುಳಿಮಿಶ್ರಿತ ಸಿಹಿ ವಾಸನೆ. ಊರಿನ ಯುವಕರು ರಸ್ತೆ ಪಕ್ಕದ ಬಯಲಿನಲ್ಲಿ ಹಲಗೆ ಜೋಡಿಸಿ ವೇದಿಕೆ ಮಾಡಿದ್ದರು. ನಮ್ಮದೊಂದು ಹಾಡನ್ನು ಫೋನಿನಲ್ಲಿ ನೋಡಿ ಮೆಚ್ಚಿದ ಬೆಂಗಳೂರಿನ ಒಂದು ಕಂಪನಿಯವರು, ಇದನ್ನು ಲೈವ್ ಆಲ್ಬಮ್ ಮಾಡುತ್ತೇವೆಂದು ರೆಕಾರ್ಡಿಂಗ್ ಯಂತ್ರಗಳ ಸಮೇತ ವ್ಯಾನಿನಲ್ಲಿ ಬಂದಿಳಿದಿದ್ದರು. ಒಬ್ಬೊಬ್ಬರ ಮುಂದೆ ಒಂದೊಂದು ಮೈಕು, ಒಂದೊಂದಕ್ಕೂ ಬೇರೆ ಬೇರೆ ಧ್ವನಿಮುದ್ರಣ, ಜನರ ಕಡೆಗೆ ಮುಖ ಮಾಡಿದ ಇನ್ನೆರಡು ಮೈಕು. ಬಂದ ಜನ ಮುನ್ನೂರೋ ನಾನೂರೋ. ಕಬ್ಬು ಕಡಿಯುವ ಹೆಂಗಸರು ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಮುಂದೆ ಕೂತಿದ್ದರು.

‘ಕೂಳೆ’ಯ ಆ ಎತ್ತರದ ಸ್ವರವನ್ನು ನಾನು ಹಿಡಿದು ನಿಂತಿದ್ದಾಗ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ರಸ್ತೆಯಲ್ಲಿ ಬಂತು. ಖುಷಿಗೋ, ದಾರಿ ಬಿಡಿ ಎನ್ನಲೋ, ಚಾಲಕ ಹಾರನ್ ಒತ್ತಿದ. ಅದು ನೆಟ್ಟಗೆ ಬಂದು ನನ್ನ ಸ್ವರದ ಮೇಲೇ ಕೂತಿತು, ಕೂದಲೆಳೆಯಷ್ಟೂ ಆಚೀಚೆಯಿಲ್ಲ. ನಾನು ಹಾಡುತ್ತ ಹಾಡುತ್ತಲೇ ನಕ್ಕುಬಿಟ್ಟೆ. ಮುಂದೆ ಕೂತ ಹೆಂಗಸರು ನಕ್ಕರು, ಅವರ ಹಿಂದಿನವರು ನಕ್ಕರು, ಅರುಳ್ ಡ್ರಮ್ಮಿನಲ್ಲೇ ನಕ್ಕ. ಜನ ಕೂಗಿ ಕೇಳಿದ್ದಕ್ಕೆ ಚಾಲಕ ಇನ್ನೊಮ್ಮೆ ಒತ್ತಿದ. ನಾನು ಆ ಸ್ವರದಿಂದಲೇ ಮುಂದಿನ ಸಾಲು ಎತ್ತಿಕೊಂಡೆ. ಹಾಡಿನ ಆಯುಷ್ಯದಲ್ಲಿ ಒಮ್ಮೆ ಸಿಗುವ ಸುಖ ಅದು. ಆಮೇಲಿನ ಹಾಡಿನಲ್ಲಿ ಶಿವುವಿನ ಗಿಟಾರಿನ ತಂತಿ ಕಿತ್ತುಹೋಯಿತು. ಅವನು ಕೂತು ಬೇರೆ ತಂತಿ ಕಟ್ಟಿ ಮತ್ತೆ ನುಡಿಸಿದ. ಹೀಗೆ ನಗುತ್ತ, ಕಿತ್ತುಕೊಳ್ಳುತ್ತ, ಕಟ್ಟಿಕೊಳ್ಳುತ್ತ ಆ ಸಂಜೆ ಮುಗಿಯಿತು. ನಾವು ಕಾಫಿ ಕುಡಿದು ಮನೆಗೆ ಬಂದೆವು.

ಕೆಲವು ವಾರಗಳ ಮೇಲೆ ಕಂಪನಿಯವರು ನನ್ನನ್ನೂ ಶಿವುವನ್ನೂ ಬೆಂಗಳೂರಿನ ಸ್ಟುಡಿಯೋಗೆ ಕರೆದರು. ಸ್ವಲ್ಪ ಟಚಪ್ ಇದೆ, ಅರ್ಧ ದಿನದ ಕೆಲಸ ಎಂದರು. ಯಾವುದೋ ಒಂದೆರಡು ಕಡೆ ಮೈಕು ಗೊರಗೊರ ಎಂದಿರಬೇಕು ಅಂದುಕೊಂಡು ನಾನು ರಜೆ ಹಾಕಿ ಹೋದೆ. ಆ ಕೋಣೆಗೆ ಕಿಟಕಿಯಿರಲಿಲ್ಲ. ಗೋಡೆಗೆಲ್ಲ ಮೊಟ್ಟೆಯ ತಟ್ಟೆಯಂಥ ಸ್ಪಂಜು. ನಮ್ಮ ಉಸಿರು ನಮಗೇ ಅಪರಿಚಿತವೆನಿಸುವಂಥ ನಿಶ್ಶಬ್ದ. ಗಾಜಿನಾಚೆ ಕೂತಿದ್ದ ಎಂಜಿನಿಯರು ವಿನಯವಂತ, ಬಹುವಚನ ಬಿಟ್ಟು ಮಾತಾಡಿದವನಲ್ಲ. ನನ್ನ ಮೈಕಿಗೆ ಡ್ರಮ್ಮಿನ ಸದ್ದು ನುಗ್ಗಿದೆ, ಒಂದು ಕಡೆ ಹಾರನ್ ಬೇರೆ ಬಂದಿದೆ, ಅದಕ್ಕೆ ಪೂರ್ತಿ ಮತ್ತೆ ಹಾಡಿಬಿಟ್ಟರೆ ಕ್ಲೀನ್ ಆಗುತ್ತದೆ ಎಂದು ವಿವರಿಸಿದ. ಪೂರ್ತಿಯೇ ಎಂದು ಕೇಳಿದೆ. ಪೂರ್ತಿ ಎಂದ. ನಾನು ಶಿವುವಿನ ಮುಖ ನೋಡಿದೆ. ಅವನು ನೆಲ ನೋಡಿದ.

ಮೊದಲ ಚರಣ ಹಾಡಿದೆ, ಸುಳ್ಳು ಹೇಳಬಾರದು. ಕಿವಿಗೆ ಮುಚ್ಚಿದ ಹೆಡ್‌ಫೋನಿನಲ್ಲಿ ಕುಂತೂರಿನ ಡ್ರಮ್ಮು ಬರುತ್ತಿತ್ತು, ನಾನು ಬೆಂಗಳೂರಿನಲ್ಲಿ ನಿಂತು ಅದಕ್ಕೆ ಹಾಡುತ್ತಿದ್ದೆ. ಊಟ ಮುಗಿದು ಎಲೆ ತೆಗೆದ ಮೇಲೆ ಒಬ್ಬಳೇ ಪಂಕ್ತಿಯಲ್ಲಿ ಕೂತಂತಿತ್ತು. ಎಂಜಿನಿಯರು ಚೆನ್ನಾಗಿದೆ ಎಂದ, ಆದರೆ ತೀರಾ ಆರಾಮಾಗಿ ಹಾಡುತ್ತಿದ್ದೀರಿ, ವೇದಿಕೆಯಲ್ಲಿ ನಿಂತವರ ಏದುಸಿರು ಸ್ವಲ್ಪ ಇರಲಿ ಎಂದ. ಆಮೇಲೆ ಆ ಎತ್ತರದ ಸ್ವರದ ಹತ್ತಿರ ಬಂದಾಗ ಸಂಗೀತ ನಿಲ್ಲಿಸಿ ಹೇಳಿದ:

“ಮೇಡಂ, ಇಲ್ಲಿ ಒರಿಜಿನಲ್‌ನಲ್ಲಿ ನೀವು ನಕ್ಕಿದ್ದೀರಿ. ಚೆನ್ನಾಗಿತ್ತು. ಹಾರನ್ ತೆಗೆಯೋವಾಗ ಅದೂ ಹೋಯ್ತು. ಇಲ್ಲೊಂದು ಸಲ ನಕ್ಕುಬಿಡಿ, ಲೈವ್ ಫೀಲ್ ಬರುತ್ತೆ.”

ಯಾಕೆ ನಗಲಿ ಎಂದು ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಗು ಬರಲು ಒಂದು ಟ್ರ್ಯಾಕ್ಟರ್ ಬೇಕು, ಅದನ್ನು ಓಡಿಸುವವನೊಬ್ಬ ಬೇಕು, ನನ್ನ ಜೊತೆ ನಗಲು ಕಾಯುತ್ತಿರುವ ನಾಲ್ಕು ಜನ ಬೇಕು ಎಂಬುದನ್ನು ಆ ಸ್ಪಂಜಿನ ಗೋಡೆಗಳ ನಡುವೆ ಯಾರಿಗೆ ವಿವರಿಸುವುದು. ನಿಜವಾದ ನಗುವನ್ನು ಕಸವೆಂದು ಗುಡಿಸಿ ಹಾಕಿ, ಅದೇ ಜಾಗದಲ್ಲಿ ಕಾಗದದ ಹೂವಿನಂಥ ನಗುವನ್ನು ನೆಡಲು ಹೊರಟವನು, ಅದಕ್ಕೆ ನೀರೆರೆಯಲು ತಂಬಿಗೆ ಹಿಡಿದವನಂತೆ ವಿನಯದಿಂದ ಕಾಯುತ್ತಿದ್ದ. ನಾನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಇಷ್ಟು ಸಾಕು, ಕುಂತೂರಿನಲ್ಲಿ ಹಾಡಿದ್ದನ್ನೇ ಹಾಕಿ, ಇಲ್ಲವಾದರೆ ಬಿಡಿ ಎಂದು ಹೇಳಿ ಹೊರಗೆ ಬಂದೆ.

ವಾಪಸು ಬರುವಾಗ ಬಸ್ಸು ಮಳವಳ್ಳಿಯಲ್ಲಿ ನಿಂತಿತು. ಟೀ ಕುಡಿಯುತ್ತ ಶಿವುವಿಗೆ ನನ್ನ ಕೋಪವನ್ನೆಲ್ಲ ಹೇಳಿದೆ. ಅವನು ಲೋಟ ಖಾಲಿಯಾಗುವವರೆಗೂ ಕೇಳಿಸಿಕೊಂಡು, ಆಮೇಲೆ ಒಂದೇ ಮಾತು ಹೇಳಿದ.

“ಅಕ್ಕ, ದೊಡ್ಡೋರ್ದು ತಪ್ಪಾದ್ರೆ ಸ್ಟೈಲು ಅಂತಾರ. ನಮ್ದು ತಪ್ಪಾದ್ರೆ ಇವ್ಕೆ ಬರಕಿಲ್ಲ ಅಂತಾರ. ನಿಂಗೆ ಅದು ಗೊತ್ತಿಲ್ಲ.”

ಹನೂರಿನ ಮೋಟಾರು ಅಂಗಡಿಯವನೊಬ್ಬ ಗಿಟಾರು ಹಿಡಿದಾಗ ಲೋಕ ಅವನ ಬೆರಳನ್ನು ನೋಡುವ ಮೊದಲು ಅಂಗಿಯನ್ನು ನೋಡುತ್ತದೆ ಎನ್ನುವುದು ಅವನು ಬಾಳಿ ತಿಳಿದದ್ದು. ನನ್ನ ಪಾಡಿಗೆ, ಹಾಡುವುದಿಲ್ಲ ಎಂದು ಬಂದಮೇಲೆ ವಿಷಯ ಮುಗಿಯಿತು, ಕುಂತೂರಿನ ದನಿಯನ್ನೇ ಹಾಕಿಕೊಳ್ಳುತ್ತಾರೆ ಎಂದು ನಂಬಿಕೊಂಡೆ.

ಆಲ್ಬಮ್ ಬಿಡುಗಡೆಯಾದ ಭಾನುವಾರ ಮಂಜುನಾಥ ಮಗ್ಗ ನಿಲ್ಲಿಸಿ, ಫೋನನ್ನು ಗೂಡಿನಲ್ಲಿಟ್ಟು, ದೊಡ್ಡದಾಗಿ ಹಾಕಿದರು. ‘ಕಾಡಂಚು – ಕುಂತೂರು ಲೈವ್’. ನಾನು ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು ನಿಂತೆ. ಮೊದಲಿಗೆ ಕೇಳಿದ್ದು ಜನಸಾಗರದ ಮೊರೆತ. ಮೂವತ್ತು ಸಾವಿರ ಜನಕ್ಕೆ ಕಡಿಮೆಯಿಲ್ಲ. ನೀವೇ ಹೇಳಿ, ಅಷ್ಟು ಜನ ಅಲ್ಲಿ ಎಲ್ಲಿ ಕೂತಿದ್ದರು? ಕಬ್ಬಿನ ಲೋಡುಗಳ ಮೇಲೋ, ಕಾರ್ಖಾನೆಯ ಚಿಮಣಿಯ ಸುತ್ತಲೋ? ನಡುನಡುವೆ ‘ವ್ಹೂ’ ಎಂದು ಕಿರುಚುವ ಒಬ್ಬ ಹೆಂಗಸು ಬೇರೆ. ಕುಂತೂರಿನ ಯಾವ ಬೀದಿಯ ಹೆಂಗಸು ‘ವ್ಹೂ’ ಎನ್ನುತ್ತಾಳೆ? ಪರದೇಶದ ಯಾವುದೋ ಕ್ರೀಡಾಂಗಣದಲ್ಲಿ ಇನ್ನಾರಿಗೋ ಹೊಡೆದ ಚಪ್ಪಾಳೆಯನ್ನು ತಂದು, ಬೀಗರ ಮನೆಯಿಂದ ಎರವಲು ತಂದ ಒಡವೆಯಂತೆ ನಮ್ಮ ಕುತ್ತಿಗೆಗೆ ಹಾಕಿದ್ದರು. ಅದರ ಬೆನ್ನಿಗೇ ‘ಕೂಳೆ’ ಶುರುವಾಯಿತು. ಗಿಟಾರು, ಡ್ರಮ್ಮು, ಆಮೇಲೆ ಹೆಣ್ಣಿನ ದನಿ. ಸೊಗಸಾದ ದನಿ, ಇಸ್ತ್ರಿ ಮಾಡಿದ ದನಿ. ಎಲ್ಲೂ ಒಂದು ಸುಕ್ಕಿಲ್ಲ.

ಅತ್ತೆ ರಾಟೆ ನಿಲ್ಲಿಸಿ, ಇದ್ಯಾರು ಆಡ್ತಿರದು ಎಂದು ಕೇಳಿದರು. ನಿನ್ನ ಸೊಸೆ ಕಣವ್ವ ಎಂದರು ಮಂಜುನಾಥ.

“ಅಲ್ಲ,” ಎಂದರು ಅತ್ತೆ. “ನಮ್ಮೊಳು ಮ್ಯಾಕ್ಕೆ ಓದಾಗ ಗಂಟ್ಲು ಒಸಿ ಇಡ್ಕತದ. ಒಗ್ಗರಣೆ ಘಾಟಿಗೋ ಏನೋ. ಇವ್ಳಿಗೆ ಇಡ್ಕಳಾಕಿಲ್ಲ.”

ಮಂಜುನಾಥ ಫೋನಿನಲ್ಲಿ ನನ್ನ ಹೆಸರು ತೋರಿಸಿದರು. ಅತ್ತೆ ಅದರತ್ತ ನೋಡಲಿಲ್ಲ, ನನ್ನತ್ತ ನೋಡಿದರು. ನನಗೆ ಆಗ ನಾಚಿಕೆಯಾಯಿತೋ ಸಿಟ್ಟು ಬಂತೋ ಎಂದು ಕೇಳಿದರೆ, ನಿಜ ಹೇಳುತ್ತೇನೆ, ಎರಡಕ್ಕಿಂತ ಮೊದಲು ಬಂದದ್ದು ಒಂದು ತರಹದ ಬೆರಗು. ಇಷ್ಟು ವರ್ಷ ಗೋಡೆಯಾಚೆ ಕೂತು, ಒಂದು ಮಾತೂ ಆಡದೆ, ಈ ಹೆಂಗಸು ನನ್ನನ್ನು ಕೇಳಿಸಿಕೊಂಡಿದ್ದರು. ಅತ್ತೆ ಮತ್ತೆ ರಾಟೆ ತಿರುಗಿಸುತ್ತ ಕೇಳಿದರು:

“ಅಂಗಾರೆ ನಿನ್ನ ದನಿ ಏನ್ ಮಾಡುದ್ರು?”

ಮಾರನೆಯ ದಿನ ಶಾಲೆಯಲ್ಲಿ ಅಭಿನಂದನೆಗಳ ಸುರಿಮಳೆ. ಹಿಂದೆ ನಕ್ಕಿದ್ದ ಸಹೋದ್ಯೋಗಿಗಳೇ, ನಿಮ್ಮ ಕಂಠ ಇಷ್ಟು ಮಧುರವೆಂದು ಗೊತ್ತೇ ಇರಲಿಲ್ಲ ಎಂದರು. ಗೊತ್ತಿಲ್ಲದ್ದು ಸಹಜವೇ, ಅದು ನನ್ನ ಕಂಠವಲ್ಲ ಎಂದೆ. ವಿನಯ ಎಂದುಕೊಂಡರು. ಇದು ಈ ವಂಚನೆಯ ಪರಮ ಚಾತುರ್ಯ ನೋಡಿ: ನಿಜ ಹೇಳಿದರೆ ಅದೂ ವಿನಯವಾಗಿ ಪರಿವರ್ತನೆ ಹೊಂದಿ, ಸುಳ್ಳಿಗೇ ಇನ್ನಷ್ಟು ಹೊಳಪು ಕೊಡುತ್ತದೆ. ಯಾರೋ ಹಾಡಿದ್ದಕ್ಕೆ ನಾನು ನಮಸ್ಕಾರ ಹೇಳುತ್ತ ನಿಂತಿದ್ದೆ. ನನ್ನ ಬದಲು ಹಾಡಿದ ಯಾರೋ ಹುಡುಗಿ, ಪಾಪ, ಬೆಂಗಳೂರಿನ ಯಾವುದೋ ಬಸ್ಸಿನಲ್ಲಿ ತನ್ನ ಹಾಡನ್ನು ಬೇರೆಯವರ ಹೆಸರಿನಲ್ಲಿ ಕೇಳುತ್ತ ಕೂತಿದ್ದಳೇನೋ.

ಆ ವಾರ ನಾನು ತಿಳಿದವರನ್ನೆಲ್ಲ ಕೇಳಿದೆ. ಇದೇನು ಹೊಸದಲ್ಲ, ಜಗತ್ತಿನ ದೊಡ್ಡ ದೊಡ್ಡ ರಾಕ್ ಬ್ಯಾಂಡುಗಳೂ ಹೀಗೇ ಮಾಡಿವೆ, ಕೆಲವು ಪ್ರಸಿದ್ಧ ಲೈವ್ ಧ್ವನಿಮುದ್ರಿಕೆಗಳಲ್ಲಿ ಡ್ರಮ್ಮು ಬಿಟ್ಟರೆ ಮಿಕ್ಕಿದ್ದೆಲ್ಲ ಸ್ಟುಡಿಯೋದಲ್ಲಿ ಮತ್ತೆ ಮಾಡಿದ್ದು ಎಂದು ಅವರು ಹೆಮ್ಮೆಯಿಂದಲೇ ಹೇಳಿದರು. ದೊಡ್ಡವರು ಮಾಡಿದ್ದರೆ ಸಣ್ಣವರ ಸುಳ್ಳು ಸುಳ್ಳಲ್ಲವೆಂಬ ಈ ತರ್ಕ ನನಗೆ ಬಹಳ ಮನರಂಜನೆ ಕೊಟ್ಟಿತು. ಸ್ಟುಡಿಯೋದ ಮೇಲೆ ನನಗೆ ಹಗೆಯಿಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ ನೂರು ಸಲ ಹಾಡಿ, ಅದರಲ್ಲಿ ಒಂದನ್ನು ಆರಿಸಿ, ಉಜ್ಜಿ ತೊಳೆದು ಹೊರಗೆ ಬಿಡಿ. ಅದೂ ಒಂದು ಕಲೆ. ಸ್ಟುಡಿಯೋದಲ್ಲಿ ಮಾಡಿದ್ದು ಎಂದು ಹೇಳಿ, ಅಷ್ಟೆ. ಮಂಜುನಾಥ ಇದನ್ನು ನನಗಿಂತ ಚೊಕ್ಕವಾಗಿ ಹೇಳಿದರು. ಪವರ್‌ಲೂಮಿನಲ್ಲಿ ಸೀರೆ ಮಾಡುವುದು ತಪ್ಪಲ್ಲ, ಅದಕ್ಕೆ ಕೈಮಗ್ಗದ ಚೀಟಿ ಅಂಟಿಸುವುದು ತಪ್ಪು ಎಂದರು. ಕೈಮಗ್ಗದ ಸೀರೆಯಲ್ಲಿ ಎಲ್ಲೋ ಒಂದು ಕಡೆ ನೇಕಾರ ಕೆಮ್ಮಿದ್ದೋ, ಯಾರೋ ಕರೆದಿದ್ದಕ್ಕೆ ಕತ್ತು ತಿರುಗಿಸಿದ್ದೋ ನೂಲಿನಲ್ಲಿ ಉಳಿದಿರುತ್ತದಂತೆ. ತಿಳಿದವರು ಅದನ್ನೇ ಹುಡುಕಿ ಸವರಿ ನೋಡಿ ಖರೀದಿಸುತ್ತಾರಂತೆ. ಈ ಚಂದ ಮಾಡುವವರಿಗೆ ಮಾತ್ರ ಜೀವದ ಗುರುತುಗಳೆಲ್ಲ ಕೊಳೆಯ ಕಲೆಗಳಾಗಿ ಕಾಣುತ್ತವೆ. ಮದುವೆಯ ಫೋಟೋದಲ್ಲಿ ಕಪ್ಪು ಮದುಮಗಳನ್ನು ಬೆಳ್ಳಗೆ ಮಾಡಿ, ಹಿಂದೆ ಕಂಡರಿಯದ ಹಿಮದ ಬೆಟ್ಟ ನಿಲ್ಲಿಸಿ, ಅವಳ ಕೈಗೇ ಆ ಫೋಟೋ ಕೊಡುವ ಧೈರ್ಯ ಇವರದು. ಅವಳು ಮುಂದೊಂದು ದಿನ ಮಕ್ಕಳಿಗೆ ತೋರಿಸಿದರೆ, ಇದ್ಯಾರಮ್ಮ ಎಂದು ಅವು ಕೇಳುತ್ತವೆ.

ಅತ್ತೆಯ ಪ್ರಶ್ನೆ ಮಾತ್ರ ಒಳಗೇ ಕೊರೆಯುತ್ತಿತ್ತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬೆಟ್ಟಕ್ಕೆ ಹೋಗುವ ಬಸ್ಸು ಹತ್ತಿ, ಮಹದೇಶ್ವರನ ದರ್ಶನಕ್ಕೆ ಹೊರಟವರ ನಡುವೆ ನಿಂತುಕೊಂಡೇ ಹನೂರಿಗೆ ಹೋದೆ. ಶಿವು ಒಂದು ಸುಟ್ಟ ಮೋಟಾರನ್ನು ಬಿಚ್ಚಿಕೊಂಡು ಕೂತಿದ್ದ. ನನ್ನನ್ನು ಕಂಡು ಎದ್ದು ಸ್ಟೂಲು ಒರೆಸಿದ. ನಾನು ಕೂರಲಿಲ್ಲ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕಂಪನಿಯವರು ಬೇರೆ ಹುಡುಗಿಯಿಂದ ಹಾಡಿಸುತ್ತೇವೆ ಅಂದಾಗ ತಾನು ಹೂಂ ಅಂದದ್ದನ್ನು ಅವನು ಮುಚ್ಚಿಡಲಿಲ್ಲ. ಹೇಗೂ ನಿನ್ನ ಹೆಸರು ಹಾಗೇ ಇದೆಯಲ್ಲ ಎಂದ. ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಖಾಲಿ ಪಾತ್ರೆಯ ಮೇಲೆ ಹೆಸರು ಕೆತ್ತಿಸಿಕೊಟ್ಟರೆ ಹೊಟ್ಟೆ ತುಂಬುತ್ತದೇನೋ ಎಂದು ಗಟ್ಟಿಯಾಗಿಯೇ ಕೇಳಿದೆ. ಪಕ್ಕದ ಅಂಗಡಿಯವರು ತಿರುಗಿ ನೋಡಿದರು.

ಶಿವು ತಂತಿಯ ಸುರುಳಿಯನ್ನು ಕೈಯಲ್ಲಿ ತಿರುಗಿಸಿದ. ಆಮೇಲೆ, ತಲೆಯೆತ್ತದೆ, “ನನ್ ತಂತಿ ಕಿತ್ತೋದಾಗ ಇಡೀ ಬಯ್ಲು ಸುಮ್ಕಾಗೋಯ್ತು ಅಕ್ಕ,” ಎಂದ. “ನಾನು ಕುಕ್ಕುರುಗಾಲಲ್ಲಿ ಕೂತು ತಂತಿ ಕಟ್ತಿದ್ರೆ ಎಲ್ಲಾರೂ ನನ್ನೇ ನೋಡಿ ನಗ್ತಾವ್ರೆ ಅನ್ಸ್ತು. ಅದ್ನ ಇನ್ನೊಂದ್ ಕಿತ ಕೇಳಕ್ಕೆ ನನ್ ಕೈಲಿ ಆಗಕಿಲ್ಲ. ಅದ್ಕೇ ಎಲ್ಲಾ ಅಳಿಸ್ಬುಡಿ ಅಂದೆ.”

ಹಾಗಾಗಲಿಲ್ಲ, ಜನ ಚಪ್ಪಾಳೆ ತಟ್ಟುತ್ತಿದ್ದರು ಎಂದೆ. ನನ್ನ ಸಮಾಧಾನಕ್ಕೆ ಹೇಳುತ್ತೀಯ ಎಂದ. ನನಗೂ ಪೂರ್ತಿ ನೆನಪಿರಲಿಲ್ಲ. ಆ ಹೊತ್ತಿನಲ್ಲಿ ನಾನು ಮುಂದೇನೆಂದು ಅರುಳ್‌ನ ಕಿವಿಯಲ್ಲಿ ಕೇಳುತ್ತಿದ್ದೆ. ಒರಿಜಿನಲ್ ಎಲ್ಲಿದೆ ಎಂದು ಕೇಳಿದೆ. ಕಂಪನಿಯವರು ಅವನಿಗೂ ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಕೊಟ್ಟಿದ್ದರಂತೆ. ಅವನು ಅದನ್ನು ಒಮ್ಮೆಯೂ ತೆರೆದು ಕೇಳದೆ, ಅಂಗಡಿಯ ಡ್ರಾಯರಿನಲ್ಲಿ, ಸುಟ್ಟ ಬೇರಿಂಗುಗಳ ಜೊತೆ ಹಾಕಿಟ್ಟಿದ್ದ. ನಾಳೆ ಅದನ್ನು ತೆಗೆದುಕೊಂಡು ಮನೆಗೆ ಬಾ, ಅತ್ತೆ ಕೇಳಬೇಕಂತೆ ಎಂದೆ. ಅತ್ತೆಯ ಹೆಸರು ಹೇಳಿದರೆ ಅವನು ತಪ್ಪಿಸಿಕೊಳ್ಳಲಾರ ಎಂದು ನನಗೆ ಗೊತ್ತಿತ್ತು.

ಭಾನುವಾರ ಊಟವಾದ ಮೇಲೆ ಮಗ್ಗದ ಕೋಣೆಯಲ್ಲಿ ಎಲ್ಲರೂ ಕೂತೆವು. ಅರುಳ್ ಕೂಡ ಬಂದಿದ್ದ. ಶಿವು ಬಾಗಿಲ ಹತ್ತಿರ, ಬೇಕಾದರೆ ಎದ್ದು ಹೋಗುವಂತೆ, ಅಂಚಿನಲ್ಲಿ ಕೂತ. ಲ್ಯಾಪ್‌ಟಾಪಿನಿಂದ ಮೊದಲು ಬಂದದ್ದು ತಾಳಕ್ಕೆ ತಮಿಳಿನಲ್ಲಿ ಎಣಿಸುವ ಅರುಳ್‌ನ ದನಿ: “ಒಣ್ಣು, ರೆಂಡು, ಮೂಣು, ನಾಲು.” ಆಮೇಲೆ ಮಗುವಿನ ಅಳು, ಕಡಲೆಕಾಯಿ ಮಾರುವವನ ಕೂಗು, ಕೊನೇ ಬಸ್ಸು ಎಷ್ಟೊತ್ತಿಗೆ ಎಂದು ಯಾರನ್ನೋ ವಿಚಾರಿಸುವ ಮುದುಕರೊಬ್ಬರು. ಮೂವತ್ತು ಸಾವಿರ ಜನ ಎಲ್ಲೂ ಇರಲಿಲ್ಲ; ನಮ್ಮ ಮುನ್ನೂರು ಜನ ಇದ್ದರು, ಒಬ್ಬೊಬ್ಬರೂ ಕೇಳಿಸುತ್ತಿದ್ದರು. ನನ್ನ ದನಿ ಬಂತು. ಎತ್ತರಕ್ಕೆ ಹೋದಾಗ ಗಂಟಲು ಸ್ವಲ್ಪ ಹಿಡಿದುಕೊಂಡಿತು. ಅತ್ತೆ ತಲೆಯನ್ನು ಒಮ್ಮೆ ಆಡಿಸಿದರು, ಲೆಕ್ಕ ಸರಿಹೋಯಿತೆನ್ನುವಂತೆ. ಹಾರನ್ ಬಂತು, ನನ್ನ ನಗು ಬಂತು, ಅದರ ಹಿಂದೆ ಬಯಲೆಲ್ಲ ನಕ್ಕಿತು. ಮಗ್ಗದ ಕೋಣೆಯಲ್ಲಿ ನಾವೂ ಇನ್ನೊಮ್ಮೆ ನಕ್ಕೆವು.

ಮುಂದಿನ ಹಾಡು ಬಂದಾಗ ಶಿವು ಎದ್ದು ನಿಂತ. ಅರುಳ್ ಅವನ ಕೈ ಹಿಡಿದು ಕೂರಿಸಿದ. ತಂತಿ ಕಿತ್ತ ಸದ್ದು ಕೇಳಿತು, ಒಂದು ಉಸಿರಿನಷ್ಟು ಹೊತ್ತು ನಿಜವಾಗಿಯೂ ಮೌನ. ಆಮೇಲೆ ಮುಂದಿನ ಸಾಲಿನಿಂದ, ಕಬ್ಬು ಕಡಿಯುವವರ ಕಡೆಯಿಂದ, ಒಂದು ಹೆಂಗಸಿನ ದನಿ, ಅವಸರವೇ ಇಲ್ಲದ ದನಿ:

“ನಿದಾನ್ಕೆ ಕಟ್ಕೊ ನನ್ನಪ್ಪ. ನಾವೆಲ್ಗೂ ಓಗಕಿಲ್ಲ.”

ಯಾರೋ ಚಪ್ಪಾಳೆಯಲ್ಲಿ ತಾಳ ಹಿಡಿದರು. ಅದಕ್ಕೆ ಇನ್ನೊಬ್ಬರು ಸೇರಿದರು. ಅರುಳ್ ಆ ತಾಳವನ್ನು ಎತ್ತಿಕೊಂಡು ಮೆತ್ತಗೆ ಬಾರಿಸತೊಡಗಿದ. ಮುಂದೆ ಕೂತವರು, ಹಿಂದಿನ ಹಾಡಿನಿಂದ ಕಲಿತ ‘ಚಿಗುರುವೆನು’ ಎಂಬ ಒಂದೇ ಪದವನ್ನು ತಮಗೆ ತೋಚಿದ ರಾಗದಲ್ಲಿ ಹಾಡಿಕೊಂಡು, ಶಿವು ಎದ್ದು ನಿಲ್ಲುವವರೆಗೂ ಹಾಡನ್ನು ಕೆಳಗೆ ಬೀಳಗೊಡದೆ ಹಿಡಿದಿಟ್ಟಿದ್ದರು. ಅವನ ಗಿಟಾರು ಮತ್ತೆ ಸೇರಿದಾಗ ಎದ್ದ ಕೂಗು ದೊಡ್ಡದೇನಲ್ಲ. ಅದು ಅವನಿಗೇ ಎದ್ದ ಕೂಗು, ಅಷ್ಟೆ.

ಶಿವು ಕೈಚಾಚಿ ಅದನ್ನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಕೇಳಿದ. “ನಾನು ಬಗ್ಗಿದ್ದೆ,” ಎಂದ. “ಕಿವಿಗೆ ಬೀಳ್ಲೇ ಇಲ್ಲ.” ಆಮೇಲೆ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ. ಅವನನ್ನು ಅವಮಾನದಿಂದ ಕಾಪಾಡುತ್ತೇವೆಂದು ಹೊರಟವರು, ಅವನಿಗೆ ಸಿಕ್ಕ ಅತಿ ದೊಡ್ಡ ಮರ್ಯಾದೆಯನ್ನು ಕತ್ತರಿಸಿ ಎಸೆದು, ಆ ಜಾಗಕ್ಕೆ ಯಾರದೋ ‘ವ್ಹೂ’ ತುಂಬಿಸಿದ್ದರು. ಈ ವೃತ್ತಿಯವರ ಮೇಲೆ ನನಗಿದ್ದ ಕೋಪ ಅಂದು ತಿರಸ್ಕಾರವಾಗಿ ಮಾಗಿತು. ಕೋಪವಾದರೆ ಇಳಿಯುತ್ತದೆ, ಇದು ಇಳಿದಿಲ್ಲ.

ಶಿವು ಕಂಪನಿಗೆ ಫೋನು ಮಾಡಿ, ಒರಿಜಿನಲ್ ಹಾಕಿ, ಇಲ್ಲವೇ ‘ಲೈವ್’ ಎಂಬ ಪದವನ್ನಾದರೂ ತೆಗೆಯಿರಿ ಎಂದು ಕೇಳಿದ. ಅವರು ಬಹಳ ಸೌಜನ್ಯದಿಂದ ಯೋಚಿಸುತ್ತೇವೆ ಎಂದರು, ಇನ್ನೂ ಯೋಚಿಸುತ್ತಿದ್ದಾರೆ. ನನ್ನ ಹೆಸರನ್ನು ಮಾತ್ರ ತೆಗೆದರು. ಅದರ ಜಾಗದಲ್ಲಿ ಆ ಹುಡುಗಿಯ ಹೆಸರನ್ನಾದರೂ ಹಾಕಿದರೇ ಎಂದರೆ, ಅದೂ ಇಲ್ಲ. ಈಗ ಆ ಹಾಡನ್ನು ಯಾರೂ ಹಾಡಿಲ್ಲ.

ನಮ್ಮ ಮುಂದಿನ ಕಾರ್ಯಕ್ರಮ ಯಳಂದೂರಿನಲ್ಲಿತ್ತು. ಆಲ್ಬಮ್ಮಿನ ದೆಸೆಯಿಂದ ಹಿಂದೆಂದೂ ಬಾರದಷ್ಟು ಜನ. ಏರ್ಪಡಿಸಿದವರು, ಫೋನಿನಲ್ಲಿರುವ ಹಾಗೇ ಬರಬೇಕು, ಬೇಕಿದ್ದರೆ ಹಾಡನ್ನು ಲ್ಯಾಪ್‌ಟಾಪಿನಿಂದ ಬಿಟ್ಟು ನೀವು ತುಟಿ ಆಡಿಸಿ ಎಂದು ಸಲಹೆ ಕೊಟ್ಟರು. ಬೇಡ ಎಂದವನು ಶಿವು; ನಾನು ಬಾಯಿ ತೆರೆಯುವಷ್ಟರಲ್ಲಿ ಹೇಳಿ ಮುಗಿಸಿದ್ದ. ಆ ಸಂಜೆ ಅತ್ತೆ ಮೊದಲ ಬಾರಿಗೆ ನನ್ನ ಹಾಡು ಕೇಳಲು, ಒಳ್ಳೆಯ ಸೀರೆಯುಟ್ಟು, ಮಗನ ಜೊತೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ನಾವು ನಮಗೆ ಬಂದಂತೆ ಹಾಡಿದೆವು. ಎಲ್ಲರಿಗೂ ಹಿಡಿಸಲಿಲ್ಲ. ಇಳಿದು ಬರುವಾಗ ಒಬ್ಬ ಯುವಕ ಮರ್ಯಾದೆಯಿಂದಲೇ ಹತ್ತಿರ ಬಂದು, ಮೇಡಂ, ಫೋನಲ್ಲಿರೋಳು ನಿಮಗಿಂತ ಚೆನ್ನಾಗಿ ಹಾಡ್ತಾಳೆ ಎಂದ. ಹೌದಪ್ಪ, ಅವಳು ಬಹಳ ಚೆನ್ನಾಗಿ ಹಾಡುತ್ತಾಳೆ ಎಂದೆ. ಅದು ನಿಜವೇ ಆದ್ದರಿಂದ ಹೇಳಲು ಕಷ್ಟವಾಗಲಿಲ್ಲ.

ಅರುಳ್ ಆ ಕಾರ್ಯಕ್ರಮವನ್ನು ತನ್ನ ಫೋನನ್ನು ವೇದಿಕೆಯ ಅಂಚಿಗೆ ಒರಗಿಸಿಟ್ಟು ರೆಕಾರ್ಡ್ ಮಾಡಿಕೊಂಡಿದ್ದ. ಒಂದೇ ಮೈಕು, ಒಂದೇ ಧ್ವನಿಮುದ್ರಣ. ಬಿಡಿಸಿ ಬೇರೆ ಮಾಡಲು ಬರುವುದಿಲ್ಲ. ಮುಂದಿನ ವಾರ ಮಗ್ಗದ ಕೋಣೆಯಲ್ಲಿ ಅದನ್ನು ಹಾಕಿದೆ. ಅತ್ತೆ ನೂಲು ಸುತ್ತುತ್ತ ಕೇಳುತ್ತಿದ್ದರು. ‘ಕೂಳೆ’ಯ ನಡುವೆ ಎಲ್ಲ ವಾದ್ಯಗಳೂ ನಿಂತು ನನ್ನ ದನಿಯೊಂದೇ ಉಳಿಯುವ ಒಂದು ಜಾಗವಿದೆ. ಅಲ್ಲಿ, ಎಲ್ಲವೂ ನಿಶ್ಶಬ್ದವಾದ ಸರಿಯಾದ ಹೊತ್ತಿಗೆ, ಯಾರೋ ಗಟ್ಟಿಯಾಗಿ ಕೆಮ್ಮಿದರು. ಒಂದಲ್ಲ, ಸಾಲಾಗಿ, ಎದೆಯಾಳದಿಂದ. ಅತ್ತೆಯ ರಾಟೆ ನಿಂತಿತು. ಅವರ ಮುಖ ಕೆಂಪಾಯಿತು.

“ಅಯ್ಯೋ, ಇದು ನಾನು,” ಎಂದರು. “ಅರುಳಿಗೆ ಏಳಿ ನನ್ ಕೆಮ್ಮ ತೆಗ್ಸ್ಬುಡವ್ವ. ಕೇಳ್ದೋರು ಏನಂದ್ಕಂಡಾರು.”

ನಾನು ಅವರನ್ನೇ ನೋಡಿದೆ. ಸ್ಟುಡಿಯೋದವರಿಗೆಂದು ಕಾಯ್ದಿಟ್ಟುಕೊಂಡಿದ್ದ ಬಿರುಸು ಮಾತುಗಳೆಲ್ಲ ನನ್ನ ನಾಲಿಗೆಯ ತುದಿಯಲ್ಲಿದ್ದವು. ಆದರೆ ರಾಟೆಯ ಮುಂದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದ ಅತ್ತೆಗೆ ಅವು ಒಂದೂ ಒಗ್ಗುವಂತಿರಲಿಲ್ಲ.

“ತೆಗೆಯಕ್ಕೆ ಬರಲ್ಲ ಅತ್ತೆ,” ಎಂದೆ. “ಬಂದ್ರೂ ತೆಗೆಸಲ್ಲ. ಅದು ಹೋದ್ರೆ ನೀವು ಬಂದಿದ್ರಿ ಅನ್ನೋದು ಯಾರಿಗೆ ಗೊತ್ತಾಗುತ್ತೆ?”

ಮಂಜುನಾಥ ಮಗ್ಗದಿಂದ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿ, ಮತ್ತೆ ತಲೆ ತಗ್ಗಿಸಿದರು. ಅತ್ತೆ ಸೆರಗನ್ನು ಬಾಯಿಂದ ಇಳಿಸಿ, ನೂಲಿನ ತುದಿಯನ್ನು ಬೆರಳಿಗೆ ಸಿಕ್ಕಿಸಿಕೊಂಡರು.

“ಅಂಗಾರೆ ಇನ್ನೊಂದ್ ಕಿತ ಆಕು,” ಎಂದರು.